ಕೂಗದ ಸೈರನ್

ಬೀದಿಯಲ್ಲಿ ಯಾರ ಮನೆಯ ಕರೆಗಂಟೆ ಕೆಟ್ಟರೂ, ಯಾರ ನೀರಿನ ಮೋಟಾರು ಮುನಿಸಿಕೊಂಡು ಕೂತರೂ ಜನ ಮೊದಲು ನೆನೆಯುತ್ತಿದ್ದುದು ಸ್ವಿಚ್ಚಣ್ಣನನ್ನು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಹಾಲಿನ ಡೈರಿಯ ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಐವತ್ತೆರಡು ವರ್ಷ, ಕಡ್ಡಿಯಂಥ ಮೈ, ಮೂಗಿನ ತುದಿಗೆ ಜಾರಿದ ಕನ್ನಡಕ, ಮದುವೆ ಮನೆಗೆ ಹೋದರೂ ಅಂಗಿ ಜೇಬಿನಲ್ಲೊಂದು ಟೆಸ್ಟರ್. ಊಟಕ್ಕೆ ಕೂತಾಗ ಪಕ್ಕದ ಕೋಣೆಯ ಫ್ಯಾನಿನ ಸದ್ದು ಒಂಚೂರು ಬದಲಾದರೂ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಯಂತ್ರ ಪಿಸುಗುಟ್ಟಿದರೂ ಕೇಳುವ ಗಂಡನಿಗೆ ಮನುಷ್ಯರ ಮಾತನ್ನು ಮಾತ್ರ ಎರಡೆರಡು ಸಲ ಹೇಳಬೇಕು ಎಂದು ಹೆಂಡತಿ ಗೊಣಗುತ್ತಿದ್ದಳು. ಅದು ಸುಳ್ಳೇನೂ ಅಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವನನ್ನು ಕಂಡು ನಗುವವರಿದ್ದರು. ಬೀದಿಯವರ ಗಂಟೆಗಳೆಲ್ಲ ಮೊಳಗುತ್ತಿದ್ದವು, ಅವನ ಮನೆಯದು ಆರು ವರ್ಷದಿಂದ ಮೂಕ. ಆ ಗಾದೆ ಬರೀ ತಮಾಷೆಯಾಗಿಯೇ ಉಳಿದಿದ್ದರೆ ಈ ಕಥೆ ಹೇಳುವ ಅಗತ್ಯ ಬೀಳುತ್ತಿರಲಿಲ್ಲ.

ಡೈರಿಯಲ್ಲಿ ಅವನ ಕೆಲಸ ಪ್ಯಾನೆಲ್‌ಗಳದು. ಹಾಲು ಕಾಯಿಸುವ, ತಣಿಸುವ, ಬೆಣ್ಣೆ ಕಡೆಯುವ ಯಂತ್ರಗಳಿಗೆ ಯಾವಾಗ ಏನು ಮಾಡಬೇಕೆಂದು ಹೇಳುವ ಕಬ್ಬಿಣದ ಬೀರುಗಳು ಅಲ್ಲಿ ಸಾಲಾಗಿ ನಿಂತಿದ್ದವು. ಒಳಗೆ ಬಣ್ಣಬಣ್ಣದ ತಂತಿಗಳು, ಟಕಟಕ ಎಂದು ತಾವಾಗಿ ಬೀಳುವ ಏಳುವ ರಿಲೇ ಎಂಬ ಸ್ವಿಚ್ಚುಗಳು. ಇಪ್ಪತ್ತೆಂಟು ವರ್ಷದಿಂದ ಆ ಬೀರುಗಳ ಒಳಗೇ ಅವನ ತಲೆ. ಯಾವ ಪ್ಯಾನೆಲ್ ತೆರೆದರೂ ಒಂದಲ್ಲ ಒಂದು ಕಡೆ ಬೆರಳುದ್ದದ ಕೆಂಪು ಬಟ್ಟೆಯ ಚೂರು ನೇತಾಡುತ್ತಿರುವುದು ಆ ಡೈರಿಯ ವಿಶೇಷ. ಆ ಪದ್ಧತಿ ಹುಟ್ಟಿದ್ದು ಸ್ವಿಚ್ಚಣ್ಣನ ತಪ್ಪಿನಿಂದ.

ಅವನು ಕೆಲಸಕ್ಕೆ ಸೇರಿದ ಹೊಸತು. ಬೆಣ್ಣೆ ಕಡೆಯುವ ಡ್ರಮ್ಮಿನ ಮುಚ್ಚಳ ತೆಗೆದರೆ ಮೋಟಾರು ನಿಲ್ಲಬೇಕು, ಅದಕ್ಕೊಂದು ಸ್ವಿಚ್ಚಿತ್ತು. ಆ ಸ್ವಿಚ್ಚು ಸಡಿಲವಾಗಿ, ಮುಚ್ಚಳ ಭದ್ರವಾಗಿದ್ದರೂ ಮೋಟಾರು ಮತ್ತೆ ಮತ್ತೆ ನಿಲ್ಲುತ್ತಿತ್ತು. ಹುಡುಗುಬುದ್ಧಿ, ಅವನು ಪ್ಯಾನೆಲ್‌ನಲ್ಲಿ ಒಂದು ತುಂಡು ತಂತಿ ಸಿಕ್ಕಿಸಿ ಸ್ವಿಚ್ಚಿನ ಮಾತು ಕೇಳದಂತೆ ಮಾಡಿದ. ಈ ಕಸುಬಿನವರು ಅದಕ್ಕೆ ಜಂಪರ್ ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಹೊಸ ಸ್ವಿಚ್ ಹಾಕಿದರಾಯಿತು ಎಂದುಕೊಂಡು ಚಹಾ ಕುಡಿಯಲು ಹೋದ. ಅಷ್ಟರಲ್ಲಿ ದೊಡ್ಡ ಮೇಸ್ತ್ರಿ ಬಂದು, ಮುಚ್ಚಳ ತೆಗೆದ ಮೇಲೆ ಮೋಟಾರು ತಿರುಗುವುದಿಲ್ಲವೆಂಬ ನಂಬಿಕೆಯ ಮೇಲೆ ಒಳಗೆ ಕೈ ಹಾಕಿದರು. ಬಲಗೈಯ ಮೂರು ಬೆರಳು ಹೋದವು.

ಎರಡು ತಿಂಗಳ ಮೇಲೆ ಕೆಲಸಕ್ಕೆ ಮರಳಿದ ಮೇಸ್ತ್ರಿ ಅವನ ಮೇಲೆ ದೂರು ಕೊಡಲಿಲ್ಲ, ಬೈಯಲೂ ಇಲ್ಲ. ತಮ್ಮ ಹಳೆಯ ಕೆಂಪು ಟವೆಲಿನಿಂದ ಎಡಗೈಯಲ್ಲಿ ಒಂದು ಪಟ್ಟಿ ಹರಿದು ಅವನ ಕೈಗಿಟ್ಟರು.

"ತಂತಿ ಹಾಕೋದು ತಪ್ಪಲ್ಲ ಕಣೋ. ಕೆಲಸ ನಡೀಬೇಕಲ್ಲ. ಹೇಳದೆ ಹಾಕೋದು ತಪ್ಪು. ಹಾಕಿದ ಕಡೆ ಇದನ್ನ ಕಟ್ಟು. ನೀನಿಲ್ಲದಾಗ ಇದು ಹೇಳ್ಲಿ."

ಅಂದಿನಿಂದ ಜಂಪರ್ ಹಾಕಿದಲ್ಲೆಲ್ಲ ಕೆಂಪು ಬಟ್ಟೆ, ಅದರ ಮೇಲೆ ಶಾಯಿಯಲ್ಲಿ ತಾರೀಖು, ಎಷ್ಟು ದಿನಕ್ಕೆ ಎಂಬ ಲೆಕ್ಕ. ಮುಂದಿನ ಪಾಳಿಯವನು ಪ್ಯಾನೆಲ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಅದೇ. ಮೇಸ್ತ್ರಿ ತೀರಿಕೊಂಡರು, ಬೆರಳುಗಳ ಕಥೆ ಗೊತ್ತಿದ್ದವರು ನಿವೃತ್ತರಾದರು, ಸ್ವಿಚ್ಚಣ್ಣ ಮಾತ್ರ ಆ ನೇಮವನ್ನು ಒಂದು ದಿನವೂ ತಪ್ಪಲಿಲ್ಲ. ಈ ಕಥೆಯನ್ನು ಹೆಂಡತಿಗೂ ಹೇಳಿರಲಿಲ್ಲ. ನಾಚಿಕೆಯೋ ಹೆದರಿಕೆಯೋ, ಯಾರಿಗೆ ಗೊತ್ತು.

ಹೆಂಡತಿ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮೆಷಿನ್ನು, ಒಂದು ಕತ್ತರಿಸುವ ಮೇಜು. ಸುತ್ತಲಿನ ಮೂರು ಶಾಲೆಗಳ ಸಮವಸ್ತ್ರ ಅವಳದೇ ಹೊಲಿಗೆ. ಥಾನುಗಟ್ಟಲೆ ಬಟ್ಟೆ ಇಡಲು ಅವಳು ನೆಲಮಾಳಿಗೆಯ ಕೋಣೆಯನ್ನು ಬಳಸುತ್ತಿದ್ದಳು. ಹನ್ನೊಂದು ಮೆಟ್ಟಿಲು ಇಳಿದರೆ ಕಿಟಕಿಯಿಲ್ಲದ ತಣ್ಣನೆಯ ಕೋಣೆ. ಫೋನಿನ ಸಿಗ್ನಲ್ ಕೂಡ ಅಲ್ಲಿಗೆ ಇಳಿಯುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ. ಇಬ್ಬರೂ ತಂತಮ್ಮ ಕೆಲಸವನ್ನು ಮಕ್ಕಳಂತೆ ಸಾಕಿಕೊಂಡಿದ್ದರು, ಮಕ್ಕಳ ವಿಷಯಕ್ಕೆ ಜಗಳವಾಡುವಂತೆ ಆ ಕೋಣೆಯ ವಿಷಯಕ್ಕೆ ಜಗಳವಾಡುತ್ತಿದ್ದರು.

ಬಿಯರ್ ಆ ಮನೆಗೆ ಕಾಲಿಟ್ಟಿದ್ದು ಅವಳ ತಮ್ಮನ ಮೂಲಕ. ಆ ಭಾವಮೈದ ಎಲ್ಲಿಂದಲೋ ಕಲಿತು ಬಂದು ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಿಯರ್ ಮಾಡಿದ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸು, ಸೋಸು, ಕುದಿಸು, ಕಹಿಗೆ ಹಾಪ್ಸ್ ಹೂವು ಹಾಕು, ತಣಿದ ಮೇಲೆ ಯೀಸ್ಟ್ ಬಿಡು, ವಾರಗಟ್ಟಲೆ ಕಾಯಿ. ಅಷ್ಟೇ ಎಂದ. ಕುಡಿದು ನೋಡಿದರೆ ಹುಳಿ ಹುಳಿ. ಸ್ವಿಚ್ಚಣ್ಣ ಅದನ್ನು ಉಗುಳಲೂ ಇಲ್ಲ, ಹೊಗಳಲೂ ಇಲ್ಲ. ಬಾರ್ಲಿ ನೆನೆಸಿದಾಗ ನೀರಿನ ಬಿಸಿ ಎಷ್ಟಿತ್ತು ಎಂದು ಕೇಳಿದ. ಭಾವಮೈದ ಬೆರಳದ್ದಿ ನೋಡಿದೆ ಎಂದ. ಆ ಉತ್ತರ ಕೇಳಿ ಸ್ವಿಚ್ಚಣ್ಣನ ಮೈಯೆಲ್ಲ ಉರಿಯಿತು. ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೆ ಸಾವಿರ ಲೀಟರ್ ಹಾಲು ಚೆಲ್ಲುವ ಕಡೆ ಕೆಲಸ ಮಾಡುವವನು ಅವನು. ಬೆರಳಂತೆ!

ಕುಡಿಯುವ ಚಪಲ ಅವನಿಗಿರಲಿಲ್ಲ. ವಾರಕ್ಕೊಂದು ಗ್ಲಾಸ್ ಹೆಚ್ಚು. ಅವನನ್ನು ಹಿಡಿದದ್ದು ಬೇರೆ ಚಟ. ಮನುಷ್ಯನ ಕೈ ತಾಗದೆ, ಮೊದಲಿಂದ ಕೊನೆವರೆಗೆ ತಾನಾಗಿಯೇ ಬಿಯರ್ ಆಗುವಂಥ ಒಂದು ವ್ಯವಸ್ಥೆ ಕಟ್ಟಬೇಕು ಎಂಬ ಹುಚ್ಚು. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎನ್ನುತ್ತಾರಲ್ಲ, ಅವನ ಗಾದೆಯಲ್ಲಿ ಯಂತ್ರ ಮಾಡಿದ್ದು ಎಲ್ಲಕ್ಕಿಂತ ಮೇಲಿತ್ತು. ಡೈರಿಯ ಗುಜರಿಯಿಂದ ಹಳೆಯ ಸ್ಟೀಲ್ ಪಾತ್ರೆ, ಪೈಪು, ವಾಲ್ವುಗಳನ್ನು ತಂದ. ಎರಡು ವರ್ಷದ ರಜೆಗಳೆಲ್ಲ ಅದಕ್ಕೇ ಹೋದವು. ನೆಲಮಾಳಿಗೆಯಲ್ಲಿ ನೆನೆಸುವ ಪಾತ್ರೆ, ಕುದಿಸುವ ಪಾತ್ರೆ, ಹುದುಗು ಬರಿಸುವ ಮೂರು ತೊಟ್ಟಿಗಳು ಎದ್ದು ನಿಂತವು. ಗೋಡೆಯ ಮೇಲೆ ಬೂದು ಬಣ್ಣದ ಪ್ಯಾನೆಲ್. ಬಿಸಿ ಎಷ್ಟು, ಒತ್ತಡ ಎಷ್ಟು, ಯಾವ ಪಂಪು ಓಡುತ್ತಿದೆ, ಯಾವ ವಾಲ್ವು ತೆರೆದಿದೆ, ಮೇಲಿನ ಇಂಟರ್ನೆಟ್ಟಿಗೆ ತಂತಿ ಎಳೆದು ಎಲ್ಲವೂ ಫೋನಿನಲ್ಲಿ ಕಾಣುವಂತೆ ಮಾಡಿದ. ಡೈರಿಯಲ್ಲಿ ಕೂತು ಮನೆಯ ಬಿಯರಿನ ಬಿಸಿ ಅರ್ಧ ಡಿಗ್ರಿ ಇಳಿಸುವುದರಲ್ಲಿ ಅವನಿಗಿದ್ದ ಸುಖ ಬೇರೆಯವರಿಗೆ ಅರ್ಥವಾಗುವಂಥದ್ದಲ್ಲ. ಮೊದಲ ಗ್ಲಾಸು ಕುಡಿದ ಭಾವಮೈದ, ಇದು ಭಾವ ಮಾಡಿದ್ದಲ್ಲ, ಕಾನೂನು ಮಾಡಿದ್ದು, ಒಂದು ಹನಿಯೂ ಆಚೀಚೆ ಆಗಿಲ್ಲ ಎಂದು ನಕ್ಕ.

ಎಲ್ಲ ಚೆನ್ನಾಗಿತ್ತು, ಒಂದನ್ನು ಬಿಟ್ಟು. ಬಿಯರಿಗೆ ಗಾಳಿ ತಾಗಿದರೆ ಕೆಡುತ್ತದೆ. ಅದಕ್ಕೆ ತೊಟ್ಟಿಗಳಲ್ಲಿ ಗಾಳಿಯ ಬದಲು ಸೋಡಾಕ್ಕೆ ಬಳಸುವ ಗ್ಯಾಸ್ ತುಂಬಿಡಬೇಕು. ಆಳೆತ್ತರದ ಸಿಲಿಂಡರ್ ಒಂದು ಮೂಲೆಯಲ್ಲಿ ಬಂದು ನಿಂತಿತು. ತೊಟ್ಟಿಯ ಒತ್ತಡ ಇಳಿದರೆ ವಾಲ್ವು ತೆರೆದು ಗ್ಯಾಸ್ ಬಿಡುತ್ತದೆ, ಒತ್ತಡ ಮುಟ್ಟಿದರೆ ಮುಚ್ಚುತ್ತದೆ. ಆ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರ, ನೀರಿನಂತೆ ನೆಲದ ಮೇಲೆ ಹರಡಿಕೊಂಡು ಕೆಳಗಿನಿಂದ ಮೇಲಕ್ಕೆ ಏರುತ್ತ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿದರೆ ಮನುಷ್ಯನಿಗೆ ಮೊದಲು ತಲೆ ಭಾರ, ಏದುಸಿರು, ಆಮೇಲೆ ನಿದ್ದೆಯಂಥ ಮಂಪರು. ಅಲ್ಲಿಗೆ ಮುಗಿಯಿತು.

ಇದೆಲ್ಲ ಸ್ವಿಚ್ಚಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವನು ಮಾಡಿದ ತಪ್ಪಾಗಿದ್ದರೆ ಅಯ್ಯೋ ಪಾಪ ಎನ್ನಬಹುದಿತ್ತು. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಗ್ಯಾಸ್ ಹಿಡಿಯುವ ಸೆನ್ಸರ್ ಕೂರಿಸಿದ. ಅದು ಗ್ಯಾಸ್ ಕಂಡರೆ ಪ್ಯಾನೆಲ್‌ನ ಒಂದು ರಿಲೇ ಬೀಳುತ್ತದೆ. ಆ ರಿಲೇ ಬಿದ್ದರೆ ಸಿಲಿಂಡರಿನ ವಾಲ್ವು ಮುಚ್ಚುತ್ತದೆ, ನೆಲದ ಹತ್ತಿರದ ಎಕ್ಸಾಸ್ಟ್ ಫ್ಯಾನ್ ಓಡುತ್ತದೆ, ಮೆಟ್ಟಿಲ ಮೇಲಿನ ಸೈರನ್ ಕೂಗುತ್ತದೆ. ಮೂರೂ ಒಟ್ಟಿಗೆ. ವಾಲ್ವು ಹೇಗೂ ಫೋನಿನಲ್ಲಿತ್ತು, ಫ್ಯಾನ್ ಮತ್ತು ಸೈರನ್ ಎರಡನ್ನು ಮಾತ್ರ ಫೋನಿಗೆ ಜೋಡಿಸಲಿಲ್ಲ. ಜೀವ ಕಾಯುವ ಕೆಲಸವನ್ನು ಮನುಷ್ಯನ ಬೆರಳಿಗೆ ಬಿಡಬಾರದು ಎಂದು ಭಾವಮೈದನಿಗೆ ದೊಡ್ಡ ಉಪದೇಶವನ್ನೇ ಮಾಡಿದ.

ಹೆಂಡತಿಗೆ ಹೇಳಿದ್ದು ಇನ್ನೂ ಸರಳವಾಗಿ. ಅವಳನ್ನು ಮೆಟ್ಟಿಲ ತುದಿಯಲ್ಲಿ ನಿಲ್ಲಿಸಿ ಸೈರನ್ ಒಮ್ಮೆ ಕೂಗಿಸಿ ತೋರಿಸಿದ. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

"ಇಳಿಯೋ ಮುಂಚೆ ಇಲ್ಲಿ ನಿಂತು ಕಿವಿ ಕೊಟ್ಟು ಕೇಳು. ಕೂಗ್ತಾ ಇದ್ರೆ ಕಾಲಿಡಬೇಡ. ಕೂಗ್ತಾ ಇಲ್ವಾ, ಧೈರ್ಯವಾಗಿ ಹೋಗು. ಅಷ್ಟೇ."

ಅವಳು ಹಾಗೆಯೇ ಮಾಡುತ್ತಿದ್ದಳು. ಹೋಗದೆ ಇರಲು ಅವಳಿಗೆ ದಾರಿಯಿರಲಿಲ್ಲ, ಬಟ್ಟೆ ಅಲ್ಲೇ ಇತ್ತಲ್ಲ. ಕೋಣೆಯ ಜಗಳದಲ್ಲಿ ಕೊನೆಗೆ ಅವಳಿಗೆ ಉಳಿದದ್ದು ಗೋಡೆಗಪಾಟಿನ ಅತಿ ಕೆಳಗಿನ ಎರಡು ಅಂಕಣ. ಮೇಲಿನವುಗಳಲ್ಲೆಲ್ಲ ಅವನ ಪೈಪು, ಬಾರ್ಲಿ ಚೀಲ, ಬಾಟಲಿಗಳು. ಬಟ್ಟೆ ತೆಗೆಯಬೇಕೆಂದರೆ ಅವಳು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ತಲೆ ಒಳಗೆ ಹಾಕಿ ಎಳೆಯಬೇಕು. ಸೊಂಟ ಹಿಡಿಯುತ್ತದೆ ಎಂದು ಹತ್ತಾರು ಸಲ ಹೇಳಿದಳು. ಈ ಒಂದು ಸಲದ ಬಿಯರ್ ಮುಗಿಯಲಿ, ಮೇಲಿನದು ಬಿಟ್ಟುಕೊಡುತ್ತೇನೆ ಎಂದು ಅವನೂ ಹತ್ತಾರು ಸಲ ಹೇಳಿದ.

ಇನ್ನೊಂದು ಸಣ್ಣ ಸಂಗತಿ. ಆ ಕೋಣೆಯ ದೀಪವನ್ನೂ ಅವನು ಫೋನಿಗೆ ಜೋಡಿಸಿದ್ದ. ಯಾವ ಉಪಯೋಗಕ್ಕೂ ಅಲ್ಲ, ತಮಾಷೆಗೆ. ದೀಪ ಹತ್ತಿದ್ದು ಫೋನಿನಲ್ಲಿ ಕಂಡರೆ ಹೆಂಡತಿ ಕೆಳಗೆ ಇಳಿದಿದ್ದಾಳೆ ಎಂದರ್ಥ. ಡೈರಿಯಲ್ಲಿ ಕೂತು ಒಂದು ಬೆರಳೊತ್ತಿ ಆರಿಸುತ್ತಿದ್ದ. ಅವಳು ಕತ್ತಲಲ್ಲಿ ತಡಕುತ್ತ ಮೇಲೆ ಬಂದು, ಸಿಗ್ನಲ್ ಸಿಗುವ ಕಡೆ ನಿಂತು, ಫೋನ್ ಮಾಡಿ ಬೈಯುತ್ತಿದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷದ ಮೇಲೆ ಅವರಿಬ್ಬರ ನಡುವೆ ಉಳಿದಿದ್ದ ಚೇಷ್ಟೆ ಅದೊಂದೇ. ಅವಳ ಬೈಗುಳ ಕೇಳಿ ಅವನ ಮಧ್ಯಾಹ್ನ ಒಳ್ಳೆಯದಾಗುತ್ತಿತ್ತು.

ಸೈರನ್ ಕಾಟ ಕೊಡಲು ಶುರುಮಾಡಿದ್ದು ಶಾಲೆ ತೆರೆಯುವ ತಿಂಗಳಲ್ಲಿ. ಕುದಿಯುವ ಪಾತ್ರೆಯ ಹಬೆ ಸೆನ್ಸರಿನೊಳಗೆ ಕೂತು, ಗ್ಯಾಸ್ ಇಲ್ಲದಿದ್ದರೂ ಅದು ಇದೆ ಇದೆ ಎಂದು ಹೇಳತೊಡಗಿತು. ಮುಂದಿನ ಕೋಣೆಯಲ್ಲಿ ಅಳತೆಗೆ ಬಂದ ಮಕ್ಕಳು, ತಾಯಂದಿರು. ಇದ್ದಕ್ಕಿದ್ದಂತೆ ಸೈರನ್ ಬೊಬ್ಬೆ. ಒಂದು ಮಗು ಹೆದರಿ ಅತ್ತು ಅತ್ತು ವಾಂತಿ ಮಾಡಿಕೊಂಡಿತು. ಒಂದೇ ದಿನ ನಾಲ್ಕು ಸಲ ಕೂಗಿದ ಸಂಜೆ ಹೆಂಡತಿ ಅಳತೆಪಟ್ಟಿಯನ್ನು ಕೊರಳಿಂದ ಕಿತ್ತು ಮೇಜಿನ ಮೇಲೆ ಎಸೆದಳು. ಒಂದೋ ಅದರ ಬಾಯಿ ಮುಚ್ಚಿಸಿ, ಇಲ್ಲವೇ ನಾನು ಮೆಷಿನ್ನು ಹೊತ್ತುಕೊಂಡು ತಮ್ಮನ ಮನೆಗೆ ಹೋಗುತ್ತೇನೆ ಎಂದಳು.

ಹೊಸ ಸೆನ್ಸರ್ ತರಿಸಬೇಕಿತ್ತು, ಬರಲು ಎರಡು ದಿನ. ಅಲ್ಲಿವರೆಗೆ ಸಿಲಿಂಡರಿನ ತಿರುಪನ್ನು ಕೈಯಾರೆ ಮುಚ್ಚಿಬಿಟ್ಟಿದ್ದರೆ ಕಥೆ ಅಲ್ಲಿಗೆ ನಿಲ್ಲುತ್ತಿತ್ತು. ಆದರೆ ಮೂರು ತೊಟ್ಟಿಯಲ್ಲೂ ಬಿಯರಿತ್ತು, ಕೆಟ್ಟುಹೋದರೆ? ಅವನು ಕೆಳಗಿಳಿದು ಪ್ಯಾನೆಲ್ ತೆರೆದು, ಬೆರಳುದ್ದದ ಒಂದು ತಂತಿ ಸಿಕ್ಕಿಸಿದ. ಸೆನ್ಸರ್ ಏನೇ ಹೇಳಲಿ, ರಿಲೇ ಕೇಳುವುದಿಲ್ಲ. ಸಿಕ್ಕಿಸಿದ ಕೂಡಲೇ ಇಪ್ಪತ್ತೆಂಟು ವರ್ಷದ ಅಭ್ಯಾಸ ಅವನನ್ನು ಮೇಲೆ ಕಳಿಸಿತು. ಹೆಂಡತಿಯ ಕತ್ತರಿಸುವ ಮೇಜಿನ ಕೆಳಗಿನ ಚಿಂದಿಯಲ್ಲಿ ಹುಡುಕಿ ಒಂದು ಕೆಂಪು ಚೂರು ಆರಿಸಿದ, ಯಾವುದೋ ಶಾಲೆಯ ಟೈ ಕತ್ತರಿಸಿ ಉಳಿದದ್ದು. ತಾರೀಖು ಬರೆದ, ಎರಡು ದಿನ ಎಂದು ಬರೆದ, ತಂತಿಗೆ ಕಟ್ಟಿದ, ಪ್ಯಾನೆಲ್‌ನ ಬಾಗಿಲು ಮುಚ್ಚಿ ಬೀಗ ಹಾಕಿದ. ಮನಸ್ಸು ಹಗುರವಾಯಿತು. ಮೇಸ್ತ್ರಿ ಹೇಳಿದಂತೆ ಮಾಡಿದ್ದೇನಲ್ಲ.

ಮೇಲೆ ಬಂದು ಹೆಂಡತಿಗೆ ಸರಿ ಮಾಡಿದೆ ಎಂದ. ಅವಳು ನೆಮ್ಮದಿಯಿಂದ ಮೆಷಿನ್ನು ತುಳಿದಳು.

ಎರಡು ದಿನಕ್ಕೆ ಬರಬೇಕಾದ ಸೆನ್ಸರ್ ಬರಲಿಲ್ಲ. ಐದನೇ ದಿನ ಬಂದಾಗ ಡೈರಿಯಲ್ಲಿ ತಣಿಸುವ ಯಂತ್ರ ಕೆಟ್ಟು ಅವನು ಎರಡೆರಡು ಪಾಳಿ ನಿಂತಿದ್ದ. ಡಬ್ಬಿ ಬಿಚ್ಚದೆ ಟೀವಿಯ ಮೇಲೆ ಇಟ್ಟ. ಭಾನುವಾರ ಎಂದುಕೊಂಡ. ಭಾನುವಾರ ಕಳೆಯಿತು. ಸೈರನ್ ಕೂಗದ ಮನೆ ಎಷ್ಟು ಹಿತವಾಗಿತ್ತೆಂದರೆ, ಅದು ಕೂಗಬೇಕಾದದ್ದು ಎಂಬುದೇ ಇಬ್ಬರಿಗೂ ಮರೆತುಹೋಯಿತು. ಹೆಂಡತಿ ಮಾತ್ರ ಇಳಿಯುವ ಮುನ್ನ ಪ್ರತಿ ಸಲ ಮೆಟ್ಟಿಲ ತುದಿಯಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು.

ಹತ್ತನೇ ದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ, ನಡುವಿನ ತೊಟ್ಟಿಗೆ ಗ್ಯಾಸ್ ಒಯ್ಯುವ ಕೊಳವೆ ತನ್ನ ಬಿಗಿಪಟ್ಟಿಯಿಂದ ಜಾರಿ ಕೆಳಗೆ ಬಿತ್ತು. ತೊಟ್ಟಿಯ ಒತ್ತಡ ಇಳಿಯಿತು. ವಾಲ್ವು ತೆರೆಯಿತು. ಗ್ಯಾಸ್ ತೊಟ್ಟಿಗೆ ಹೋಗದೆ ನೆಲಕ್ಕೆ ಸುರಿಯಿತು, ಒತ್ತಡ ಏರಲೇ ಇಲ್ಲ. ಒತ್ತಡ ಮುಟ್ಟುವವರೆಗೆ ಬಿಡು ಎಂದು ಅವನೇ ಕಲಿಸಿದ್ದ. ಯಂತ್ರ ಬಿಡುತ್ತಲೇ ಇತ್ತು. ಮೊಣಕಾಲೆತ್ತರದ ಸೆನ್ಸರ್ ಈಗ ನಿಜವನ್ನೇ ಹೇಳುತ್ತಿತ್ತು, ಕೇಳುವವರಿರಲಿಲ್ಲ.

ಡೈರಿಯಲ್ಲಿ ಹನ್ನೊಂದು ಗಂಟೆ ದಾಟಿತ್ತು. ಹಾಲು ಕಾಯಿಸುವ ಯಂತ್ರದ ಆಪರೇಟರ್, ಅವನಿಗಿಂತ ಹತ್ತು ವರ್ಷ ಚಿಕ್ಕವನು, ತನ್ನ ಪ್ಯಾನೆಲ್ ತೆರೆದು ಅವನನ್ನು ಕರೆದ. ಒಳಗೆ ಸ್ವಿಚ್ಚಣ್ಣನ ಕೈಬರಹದ ಕೆಂಪು ಚೂರೊಂದು ನೇತಾಡುತ್ತಿತ್ತು.

"ಅಣ್ಣಾ, ಎರಡು ದಿನ ಅಂತ ಬರ್ದಿದ್ದೀರಿ. ವಾರ ಆಯ್ತಲ್ಲ. ನಮಗೆಲ್ಲ ಪಾಠ ಹೇಳೋರು ನೀವೇ ಹಿಂಗೆ ಮಾಡಿದ್ರೆ?"

ಸ್ವಿಚ್ಚಣ್ಣ ನಕ್ಕ. ಯಂತ್ರ ಕೆಟ್ಟ ಗಡಿಬಿಡಿಯಲ್ಲಿ ಮರೆತೆ ಎಂದ. ತಂತಿ ಬಿಚ್ಚಲು ಟೆಸ್ಟರ್ ತೆಗೆದ. ಬಟ್ಟೆಯ ಗಂಟು ಬಿಚ್ಚುತ್ತಿದ್ದ ಬೆರಳು ಅಲ್ಲೇ ನಿಂತಿತು. ಎರಡು ದಿನ ಎಂದು ಬರೆದ ಇನ್ನೊಂದು ಚೂರು ಕಣ್ಣ ಮುಂದೆ ಬಂತು. ಇಲ್ಲಿಯದನ್ನು ಯಾರೋ ತೆರೆದು ನೋಡಿದರು, ಹೇಳಿದರು. ಅಲ್ಲಿಯದನ್ನು ಯಾರು ತೆರೆಯುತ್ತಾರೆ? ಬೀಗದ ಕೈ ಅವನ ಸೊಂಟದಲ್ಲೇ ಇತ್ತು.

ಫೋನ್ ತೆಗೆದ. ಮೊದಲು ಕಂಡ ಸಾಲು: ಗ್ಯಾಸ್ ವಾಲ್ವು ತೆರೆದಿದೆ, ಒಂದು ಗಂಟೆ ಐವತ್ತು ನಿಮಿಷದಿಂದ. ಅದರ ಕೆಳಗಿನ ಸಾಲು: ದೀಪ ಹತ್ತಿದೆ, ನಾಲ್ಕು ನಿಮಿಷದಿಂದ.

ಬೆರಳೊತ್ತಿ ವಾಲ್ವು ಮುಚ್ಚಿದ, ಮುಚ್ಚಿತು. ಆದರೆ ಸುರಿದದ್ದು ಸುರಿದಾಗಿತ್ತು. ಫ್ಯಾನ್ ಓಡಿಸೋಣವೆಂದರೆ ಫೋನಿನಲ್ಲಿ ಫ್ಯಾನಿಗೆ ಗುಂಡಿಯೇ ಇಲ್ಲ. ಸೈರನ್ನಿಗೂ ಇಲ್ಲ. ಮನುಷ್ಯನ ಬೆರಳಿಗೆ ಬಿಡಬಾರದೆಂದು ತಾನೇ ಇಟ್ಟಿರಲಿಲ್ಲ. ಹೆಂಡತಿಗೆ ಫೋನ್ ಮಾಡಿದ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಎದುರು ಮನೆಯ ನಿವೃತ್ತ ಮೇಷ್ಟ್ರಿಗೆ ಮಾಡಿದ. ಕಿವಿ ಕೇಳದ ಮನುಷ್ಯ, ರಿಂಗಾಗಿ ರಿಂಗಾಗಿ ನಿಂತಿತು. ಅವಳು ಈಗ ಕೆಳಗಿನ ಅಂಕಣದ ಮುಂದೆ ಕುಕ್ಕರಗಾಲಿನಲ್ಲಿ ಕೂತಿರುತ್ತಾಳೆ. ತಲೆ ಒಳಗೆ ಹಾಕಿ. ನೆಲದಿಂದ ಎರಡಡಿ ಎತ್ತರದಲ್ಲಿ ಅವಳ ಮೂಗು.

ಅವನ ಕೈಯಲ್ಲಿ ಉಳಿದಿದ್ದುದು ದೀಪದ ಗುಂಡಿ ಒಂದೇ. ಆರಿಸಿದ.

ದೀಪ ಆರಿದರೆ ಅವಳು ಏಳುತ್ತಾಳೆ, ಎದ್ದರೆ ತಲೆ ಮೇಲೆ ಬರುತ್ತದೆ, ಮೆಟ್ಟಿಲು ಹತ್ತಿ ಬಂದು ಫೋನ್ ಮಾಡಿ ಬೈಯುತ್ತಾಳೆ. ಬೈಯಲಿ, ದೇವರೇ, ಬಾಯಿಗೆ ಬಂದಂತೆ ಬೈಯಲಿ. ಆಪರೇಟರಿಗೆ ಎರಡು ಮಾತಿನಲ್ಲಿ ವಿಷಯ ಹೇಳಿದ. ಅವನು ಬೈಕಿನ ಕೀಲಿ ತೆಗೆದು, ಓಡುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡಿದ. ಗೇಟು ದಾಟುವಷ್ಟರಲ್ಲಿ ಫೋನಿನ ಸಾಲು ಬದಲಾಯಿತು. ದೀಪ ಹತ್ತಿದೆ.

ಕಪಾಟಿನ ಪಕ್ಕದಲ್ಲೇ ಗೋಡೆಗೊಂದು ಗುಂಡಿಯಿತ್ತು. ಅವಳು ತಡಕಿ ಅದನ್ನು ಒತ್ತಿದ್ದಳು. ಬದುಕಿದ್ದಾಳೆ. ಆದರೆ ಅಲ್ಲೇ ಇದ್ದಾಳೆ. ಇವತ್ತು ಮೆಟ್ಟಿಲು ಹತ್ತಿ ಬಂದು ಬೈಯುವ ಪುರುಸೊತ್ತು ಅವಳಿಗಿಲ್ಲ, ಮೂರು ಶಾಲೆಯ ಬಟ್ಟೆ ಬಾಕಿಯಿದೆ. ಅವನು ಮತ್ತೆ ಆರಿಸಿದ. ಬೈಕಿನ ಹಿಂದೆ ಕೂತು, ಒಂದು ಕೈಯಲ್ಲಿ ಆಪರೇಟರನ ಅಂಗಿ ಹಿಡಿದು, ಇನ್ನೊಂದರಲ್ಲಿ ಫೋನ್ ಹಿಡಿದು ಕಣ್ಣು ಕೀಳದೆ ನೋಡಿದ. ಅರ್ಧ ನಿಮಿಷ. ಹತ್ತಿತು. ಆರಿಸಿದ. ಈ ಸಲ ಹತ್ತಲು ಒಂದು ನಿಮಿಷ ಹಿಡಿಯಿತು. ಅವಳ ಕೈ ಗುಂಡಿಯನ್ನು ಹುಡುಕಲು ತಡಮಾಡುತ್ತಿದೆ ಎಂದು ಅವನಿಗೆ ತಿಳಿಯಿತು. ಅವಳು ಹತ್ತಿಸಿದರೆ ಅಲ್ಲೇ ಇದ್ದಾಳೆ ಎಂಬ ಭಯ, ಹತ್ತಿಸದಿದ್ದರೆ ಇನ್ನೂ ದೊಡ್ಡ ಭಯ.

ನಾಲ್ಕನೇ ಸಲ ಆರಿಸಿದ. ದೀಪ ಹತ್ತಲಿಲ್ಲ. ಒಂದು ನಿಮಿಷ. ಎರಡು. ಫೋನೂ ಬರಲಿಲ್ಲ. ಅವನು ಮಾಡಿದ, ವ್ಯಾಪ್ತಿಯ ಹೊರಗೇ ಇತ್ತು. ಮೂರು ನಿಮಿಷ. ಸಿಗ್ನಲ್ಲಿನ ಕೆಂಪು ದೀಪದಲ್ಲಿ ಆಪರೇಟರ್ ನಿಲ್ಲಿಸದೆ ನುಗ್ಗಿಸಿದ, ಯಾರೋ ಹಿಂದಿನಿಂದ ಕೂಗಿ ಬೈದರು. ಫೋನಿನ ಪರದೆಯ ಮೇಲೆ ತೊಟ್ಟಿಗಳ ಬಿಸಿ ಮಾತ್ರ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಹದಿನೆಂಟು ಡಿಗ್ರಿ, ಹದಿನೆಂಟು, ಹದಿನೆಂಟು. ಒಂದು ಹನಿಯೂ ಆಚೀಚೆ ಆಗಿರಲಿಲ್ಲ.

ಮನೆಯ ಬಾಗಿಲು ತೆರೆದಿತ್ತು. ಮೆಷಿನ್ನಿನ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಓಡಿಹೋಗಿ ನೆಲಮಾಳಿಗೆಯ ಬಾಗಿಲಲ್ಲಿ ನಿಂತ. ಕೆಳಗೆ ಕತ್ತಲೆ. ಮೇಲಿನಿಂದ ಮೂರನೇ ಮೆಟ್ಟಿಲ ಮೇಲೆ ಅವಳು ಕೂತಿದ್ದಳು, ಗೋಡೆಗೊರಗಿ, ಮಡಿಲಲ್ಲಿ ನೀಲಿ ಬಟ್ಟೆಯ ಥಾನು. ಫೋನ್ ಎರಡು ಮೆಟ್ಟಿಲು ಕೆಳಗೆ ಬಿದ್ದಿತ್ತು. ಬಾಯಿ ತೆರೆದು ದೊಡ್ಡ ದೊಡ್ಡ ಉಸಿರು ಎಳೆಯುತ್ತಿದ್ದಳು, ಮೀನು ದಡಕ್ಕೆ ಬಿದ್ದ ಹಾಗೆ. ಅವನೂ ಆಪರೇಟರೂ ಸೇರಿ ಅವಳನ್ನು ಎತ್ತಿ ಅಂಗಳಕ್ಕೆ ತಂದರು.

ಆಂಬುಲೆನ್ಸಿನವರು ಬಂದು ಮೂಗಿಗೆ ಆಮ್ಲಜನಕ ಹಿಡಿದರು, ಆಸ್ಪತ್ರೆಗೆ ಕರೆದೊಯ್ದು ಸಂಜೆವರೆಗೆ ಇಟ್ಟುಕೊಂಡರು. ಇನ್ನೈದು ನಿಮಿಷ ಅಲ್ಲೇ ಕೂತಿದ್ದರೆ ಕಷ್ಟವಿತ್ತು ಎಂದು ವೈದ್ಯೆ ಹೇಳಿದಳು. ಹೆಂಡತಿ ಮನೆಗೆ ಬಂದು, ಹೊಲಿಗೆಯ ಸ್ಟೂಲಿನ ಮೇಲೆ ಕೂತು ನೀರು ಕುಡಿದ ಮೇಲೆ ನಿಧಾನಕ್ಕೆ ಹೇಳತೊಡಗಿದಳು. ಕೂತಲ್ಲೇ ತಲೆ ಭಾರವಾಯಿತಂತೆ. ಹಾಗೇ ಬಟ್ಟೆಯ ಮೇಲೆ ಒರಗೋಣ, ಒಂದು ಗಳಿಗೆ ಕಣ್ಣು ಮುಚ್ಚೋಣ ಅನ್ನಿಸಿತಂತೆ. ಅಷ್ಟರಲ್ಲಿ ದೀಪ ಹೋಯಿತು. ಹತ್ತಿಸಿದರೆ ಮತ್ತೆ ಹೋಯಿತು. ಸಿಟ್ಟು ನೆತ್ತಿಗೇರಿ, ಇವತ್ತು ನಿಮಗೆ ಸರಿಯಾಗಿ ಬಯ್ಯಬೇಕು ಅಂತಲೇ ಎದ್ದು ಮೆಟ್ಟಿಲು ಹತ್ತಿದಳಂತೆ. ಇನ್ನೆರಡು ಮೂರು ಮೆಟ್ಟಿಲಿರುವಾಗ ಕಾಲು ಸೋತಿತು, ಫೋನ್ ಕೈಯಿಂದ ಜಾರಿತು.

ಅವನು ಎದುರಿಗೆ ನೆಲದ ಮೇಲೆ ಕೂತಿದ್ದ. ಜಂಪರ್ ವಿಷಯ ಹೇಳಿದ. ಮೇಸ್ತ್ರಿಯ ಬೆರಳುಗಳ ವಿಷಯ ಹೇಳಿದ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಆಪರೇಟರ್ ಬಾಗಿಲೆಲ್ಲ ತೆರೆದು ಮೆಟ್ಟಿಲ ಮೇಲಿನಿಂದ ಟೇಬಲ್ ಫ್ಯಾನ್ ಓಡಿಸಿ, ಕೆಳಗೆ ಗಾಳಿ ಆಡಿದ ಮೇಲೆ ಅವನ ಬೀಗದ ಕೈಯಿಂದ ಪ್ಯಾನೆಲ್ ತೆರೆದು ತಂದಿದ್ದ ಕೆಂಪು ಚೂರನ್ನು ಸ್ವಿಚ್ಚಣ್ಣ ಅವಳ ಮುಂದೆ ಇಟ್ಟ. ಬಾಯಿ ಮುಚ್ಚಿಸಿ ಅಂದವಳು ನೀನೇ ಅಲ್ಲವೇ ಎಂಬ ಮಾತು ಗಂಟಲವರೆಗೆ ಬಂದಿತ್ತು. ಪುಣ್ಯಕ್ಕೆ ನುಂಗಿಕೊಂಡ.

ಅವಳು ಚೂರನ್ನು ತಿರುಗಿಸಿ ನೋಡಿದಳು. ತನ್ನ ಕತ್ತರಿಯ ಅಂಚು ಅವಳಿಗೆ ಗುರುತು ಸಿಕ್ಕಿತು.

"ಇದನ್ನ ಯಾರು ನೋಡ್ಲಿ ಅಂತ ಕಟ್ಟಿದ್ರಿ?"

ಅವನು ಚೂರಿನ ಮೇಲಿನ ತಾರೀಖನ್ನೇ ನೋಡಿದ.

"ನಾನು ಇಳಿಯೋ ಮುಂಚೆ ನಿಂತು ಕೇಳಿದೆ ರೀ. ನೀವು ಹೇಳಿಕೊಟ್ಟ ಹಾಗೇ ಕಿವಿ ಕೊಟ್ಟು ಕೇಳಿದೆ. ಕೂಗ್ತಾ ಇರ್ಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮುಖ ಮುಚ್ಚಿಕೊಂಡು ಅತ್ತ.

ತೊಟ್ಟಿಗಳು ಹೋದವು, ಸಿಲಿಂಡರ್ ಹೋಯಿತು, ಪ್ಯಾನೆಲ್ ಕಳಚಿ ಗೋಡೆಗೆ ಸುಣ್ಣ ಬಳಿದದ್ದೂ ಆಯಿತು. ಆ ಮೂರು ತೊಟ್ಟಿಯ ಬಿಯರನ್ನು ಭಾವಮೈದ ಬಚ್ಚಲಿಗೆ ಸುರಿದ. ಕಪಾಟಿನ ಎಲ್ಲ ಅಂಕಣಗಳೂ ಈಗ ಅವಳವೇ. ಬಟ್ಟೆಯೆಲ್ಲ ಎದೆಯೆತ್ತರದಲ್ಲಿದೆ, ಬಗ್ಗುವ ಕೆಲಸವಿಲ್ಲ. ಕೆಳಗೆ ಹೆದರುವಂಥದ್ದು ಏನೂ ಉಳಿದಿಲ್ಲ, ಸೈರನ್ ಕೂಡ ಇಲ್ಲ. ಆದರೂ ಅವಳು ಇಳಿಯುವ ಮುನ್ನ ಮೆಟ್ಟಿಲ ತುದಿಯಲ್ಲಿ ನಿಂತು ಒಂದು ಗಳಿಗೆ ಕಿವಿ ಕೊಡುತ್ತಾಳೆ, ಅಭ್ಯಾಸ. ಆ ಹೊತ್ತಿಗೆ ಮನೆಯ ಯಾವ ಮೂಲೆಯಲ್ಲಿದ್ದರೂ ಸ್ವಿಚ್ಚಣ್ಣ ಕೈಯಲ್ಲಿದ್ದುದನ್ನು ಕೆಳಗಿಡುತ್ತಾನೆ, ಅವಳ ಕಾಲ ಸದ್ದು ಹನ್ನೊಂದು ಮೆಟ್ಟಿಲು ಇಳಿದು ಮತ್ತೆ ಹನ್ನೊಂದು ಹತ್ತುವವರೆಗೆ ಎಣಿಸುತ್ತಾನೆ.